ಅಕ್ಕಡಿ ಸಾಲಿನ ಗಿಟಾರು

ರಾಕ್ ಗಿಟಾರ್ ವಾದಕರ ಬದುಕನ್ನು ಬರೆಯುವುದಕ್ಕೆ ಪತ್ರಿಕೆಗಳಲ್ಲಿ ಒಂದು ಸಿದ್ಧ ಅಚ್ಚು ಇದೆ. ಹುಟ್ಟಿದ ಊರು, ಮೊದಲ ಗಿಟಾರು ಕೈಗೆ ಬಂದ ವರ್ಷ, ಬ್ಯಾಂಡ್ ಕಟ್ಟಿದ ಕಥೆ, ಆಲ್ಬಂಗಳ ಪಟ್ಟಿ, ಜಗಳ, ಬ್ಯಾಂಡ್ ಒಡೆದದ್ದು. ಇಷ್ಟಾದ ಮೇಲೆ ಕೊನೆಯ ಪ್ಯಾರಾದಲ್ಲಿ ‘ಇದಲ್ಲದೆ’ ಎಂಬ ಮಾತು ಬರುತ್ತದೆ. ಇದಲ್ಲದೆ ಆತ ಮಕ್ಕಳಿಗೆ ಗಿಟಾರ್ ಕಲಿಸಿದ, ಸಿನಿಮಾ ಹಾಡುಗಳಿಗೆ ನುಡಿಸಿದ, ಜಾಹೀರಾತಿಗೆ ಟ್ಯೂನು ಹಾಕಿದ, ಗೆಳೆಯರ ಜೊತೆ ಇನ್ನೊಂದು ಮೇಳ ಕಟ್ಟಿದ. ಸಂತೆ ಮುಗಿಯುವ ಹೊತ್ತಿಗೆ ಉಳಿದ ಕಾಯಿಪಲ್ಲೆಯನ್ನೆಲ್ಲ ಗುಡ್ಡೆ ಹಾಕಿ ಒಂದೇ ದರಕ್ಕೆ ಮಾರುವ ಹಾಗೆ, ಇಷ್ಟನ್ನೂ ಒಂದು ವಾಕ್ಯದಲ್ಲಿ ಸಾಗಹಾಕಿಬಿಡುತ್ತೇವೆ. ಇಂಗ್ಲಿಷ್ ಸಂಗೀತ ಪತ್ರಿಕೆಗಳು ಇದಕ್ಕೆ ಇಟ್ಟ ಹೆಸರು ‘ಸೈಡ್ ಪ್ರಾಜೆಕ್ಟ್’. ನಮ್ಮ ಆಡುಮಾತಿನ ‘ಸೈಡ್ ಬಿಸಿನೆಸ್’ಗೂ ಅದಕ್ಕೂ ಬಹಳ ದೂರವಿಲ್ಲ. ಎರಡರಲ್ಲೂ ಒಂದಿಷ್ಟು ತಾತ್ಸಾರವಿದೆ, ಈತನ ಮನಸ್ಸು ಪೂರ್ತಿ ಇಲ್ಲಿಲ್ಲವೇನೋ ಎಂಬ ಅನುಮಾನವೂ ಇದೆ. ಈ ಅಚ್ಚು ಎಲ್ಲ ದೇಶಗಳಲ್ಲೂ ಅಷ್ಟಿಷ್ಟು ತಪ್ಪುತ್ತದೆ. ಕರ್ನಾಟಕದ ಸಂಗೀತಗಾರನ ಮಟ್ಟಿಗಂತೂ ಪೂರ್ತಿ ತಪ್ಪುತ್ತದೆ ಎಂಬುದು ನನ್ನ ವಾದ. ಇಲ್ಲಿ ಬಗಲಿನ ಕೆಲಸಗಳೆಂದು ನಾವು ಕರೆಯುವುದೇ ಹೊಲ. ರಾಕ್ ಬ್ಯಾಂಡು ಆ ಹೊಲದಲ್ಲಿ ದೂರದಿಂದ ಕಾಣುವ ಎತ್ತರದ ಬೆಳೆ, ಅಷ್ಟೆ.

ಹೊಲದ ಹೋಲಿಕೆಗೆ ಕಾರಣವಿದೆ, ಅದು ಸಿಕ್ಕಿದ್ದು ಕೃಷ್ಣೆಯ ದಂಡೆಯಲ್ಲಿ. ಕಾಗವಾಡ ತಾಲ್ಲೂಕಿನ ಉಗಾರ ಖುರ್ದ ಇರುವುದು ಕೃಷ್ಣೆಯ ದಂಡೆಯ ಕರಿನೆಲದಲ್ಲಿ. ಮಿರಜದಿಂದ ಬೆಳಗಾವಿಗೆ ಹೋಗುವ ರೈಲು ಶೇಡಬಾಳ ದಾಟಿ ಉಗಾರಕ್ಕೆ ಬಂದು, ಹೊಳೆ ದಾಟಿ ಕುಡಚಿಗೆ ಇಳಿಯುತ್ತದೆ. 1939ರಲ್ಲಿ ಸ್ಥಾಪನೆಯಾದ ಉಗಾರ ಸಕ್ಕರೆ ಕಾರ್ಖಾನೆ ಈ ಭಾಗದ ಬದುಕನ್ನು ಕಬ್ಬಿನ ಹಂಗಾಮಿಗೆ ಹೊಂದಿಸಿಟ್ಟಿತು. ಆದರೆ ನೀರು ಏರದ ಎರೆಹೊಲಗಳಲ್ಲಿ ಜೋಳ ಬೆಳೆಯುವ ರೈತನ ಪದ್ಧತಿಯೇ ಬೇರೆ. ಆತ ಜೋಳದ ಸಾಲುಗಳ ನಡುವೆ ಅಲ್ಲಲ್ಲಿ ಅಕ್ಕಡಿ ಹಾಕುತ್ತಾನೆ: ಮುಂಗಾರಿಗೆ ತೊಗರಿ, ಹಿಂಗಾರಿಯ ಬಿಳಿಜೋಳಕ್ಕೆ ಕಡಲೆ ಅಥವಾ ಕುಸುಬೆ. ಅಕ್ಕಡಿ ಎನ್ನುವುದು ಉಳಿದ ಜಾಗ ತುಂಬಿಸುವ ಉಪಾಯವಲ್ಲ. ತೊಗರಿ, ಕಡಲೆಗಳ ಬೇರುಗಂಟುಗಳು ಗಾಳಿಯ ಸಾರಜನಕವನ್ನು ಹಿಡಿದು ಮಣ್ಣಿಗೆ ಇಳಿಸುತ್ತವೆ. ಕುಸುಬೆಯ ಮುಳ್ಳು ದನಗಳನ್ನು ದೂರ ಇಡುತ್ತದೆ. ಮಳೆ ಕೈಕೊಟ್ಟು ಜೋಳ ಹೋದ ವರ್ಷ ಅಕ್ಕಡಿಯೇ ಮನೆ ನಡೆಸುತ್ತದೆ. ಒಂದು ಮಣ್ಣಿಗೆ ಸತ್ವ, ಒಂದು ಬೇಲಿ, ಒಂದು ಹೊಟ್ಟೆಗೆ ಆಧಾರ. ಗಿಟಾರ್ ವಾದಕನ ‘ಇದಲ್ಲದೆ’ಯೊಳಗಿನ ಕೆಲಸಗಳನ್ನು ಈ ಮೂರು ಬಗೆಯಲ್ಲಿ ಬಿಡಿಸಿ ನೋಡಿದರೆ, ಅವು ಮುಖ್ಯ ಕೆಲಸದಿಂದ ಕದ್ದ ಹೊತ್ತು ಎಂಬ ದೂರು ಎಷ್ಟು ನಿಲ್ಲುತ್ತದೆಂಬುದು ತಿಳಿಯುತ್ತದೆ.

ಬೇಲಿಯ ಬಗೆಗೆ ಒಳ್ಳೆಯ ಉದಾಹರಣೆ ಬೆಂಗಳೂರಿನ ಬ್ರೂಸ್ ಲೀ ಮಣಿ. 1996ರಲ್ಲಿ ಹುಟ್ಟಿದ ‘ಥರ್ಮಲ್ ಅಂಡ್ ಎ ಕ್ವಾರ್ಟರ್’ ಬ್ಯಾಂಡಿನ ಗಿಟಾರ್ ವಾದಕ ಮತ್ತು ಹಾಡುಗಾರ ಅವರು. ಡ್ರಮ್ಸ್‌ನಲ್ಲಿ ರಾಜೀವ್ ರಾಜಗೋಪಾಲ್. ಮೂವರು ಮಲಯಾಳಿಗಳು ಮತ್ತೊಬ್ಬ ಕಾಲು ಮಲಯಾಳಿ ಎಂಬ ತಮಾಷೆಯೇ ಬ್ಯಾಂಡಿನ ಹೆಸರಾಯಿತು. ‘ಜುಪಿಟರ್ ಕೆಫೆ’ 2002ರಲ್ಲಿ, ‘ಪ್ಲಾನ್ ಬಿ’ 2005ರಲ್ಲಿ, ‘ದಿಸ್ ಈಸ್ ಇಟ್’ 2008ರಲ್ಲಿ, ಮೂರು ಡಿಸ್ಕಿನ ‘ತ್ರೀ ವೀಲ್ಸ್ ನೈನ್ ಲೈವ್ಸ್’ 2012ರಲ್ಲಿ, ‘ಎ ವರ್ಲ್ಡ್ ಗಾನ್ ಮ್ಯಾಡ್’ 2020ರಲ್ಲಿ ಬಂದವು. ಹಾಡುಗಳು ಇಂಗ್ಲಿಷಿನವು, ಸ್ವಂತದವು. ರಾಕ್‌ನೊಳಗೆ ಜಾಜ್, ಫಂಕ್, ಬ್ಲೂಸ್ ಬೆರೆಸಿ ಅದನ್ನು ಅವರು ‘ಬೆಂಗಳೂರು ರಾಕ್’ ಎಂದೇ ಕರೆದುಕೊಂಡರು. ಇದು ಮಾರಾಟದ ದೃಷ್ಟಿಯಿಂದ ಅತಿ ಕಷ್ಟದ ಜಾಗ. ಸಿನಿಮಾದ ಬೆನ್ನಿಲ್ಲ, ಕನ್ನಡದ ಎಫ್.ಎಂ. ಕೇಂದ್ರಗಳು ಹಾಕುವುದಿಲ್ಲ, ಕಾಲೇಜು ಹಬ್ಬದ ಹುಡುಗರು ತಮಗೆ ಗೊತ್ತಿರುವ ವಿದೇಶಿ ಹಾಡನ್ನೇ ಕೇಳುತ್ತಾರೆ. ಬೆಂಗಳೂರಿನಲ್ಲಿ ರಾಕ್ ಕೇಳುವವರೇ ಇಲ್ಲವೆಂದಲ್ಲ. 2007ರ ಮಾರ್ಚ್ 17ರಂದು ಐರನ್ ಮೇಡನ್, 2011ರ ಅಕ್ಟೋಬರ್ 30ರಂದು ಮೆಟಾಲಿಕಾ ಅರಮನೆ ಮೈದಾನದಲ್ಲಿ ನುಡಿಸಿದಾಗ ಹತ್ತಾರು ಸಾವಿರ ಜನ ಸೇರಿದ್ದರು. ಆದರೆ ಆ ಜನ, ಆ ದುಡ್ಡು ಯಾವಾಗಲೋ ಒಮ್ಮೆ ಬಂದು ಹೋಗುವ ಹೊಳೆ. ಊರಿನ ಬ್ಯಾಂಡಿನ ಬಾವಿಗೆ ಅದರ ಒರತೆ ಇಳಿಯಲಿಲ್ಲ. ಇಂಥ ಕಡೆ ಒಂದು ಬ್ಯಾಂಡು ಕಾಲು ಶತಮಾನಕ್ಕೂ ಮೀರಿ ಬಾಳಿದೆ ಎಂದರೆ ಅದಕ್ಕೆ ಆಧಾರ ಬೇರೆ ಎಲ್ಲೋ ಇರಬೇಕು. ಆ ಆಧಾರದಲ್ಲಿ ದೊಡ್ಡ ಪಾಲು ‘ಟಾಕಾಡೆಮಿ’ ಎಂಬ ಅವರದೇ ಸಂಗೀತ ಶಾಲೆಯದು ಎಂದು ನನ್ನ ಎಣಿಕೆ. ಶಾಲೆಯೊಂದೇ ಕಾರಣ ಎನ್ನುವಂತಿಲ್ಲ. ಗೆಳೆತನ, ಹಟ, ಒಂದೇ ನಗರದಲ್ಲಿ ಉಳಿದದ್ದು, ಎಲ್ಲವೂ ಸೇರಿರುತ್ತವೆ. ಆದರೂ ಕುಸುಬೆಯ ಸಾಲು ಮಾಡುವ ಕೆಲಸವನ್ನೇ ಶಾಲೆ ಮಾಡುತ್ತದೆ. ಮನೆಬಾಡಿಗೆಯ ಚಿಂತೆ ಹಾಡಿನೊಳಗೆ ಬಾಯಿ ಹಾಕದಂತೆ ತಡೆಯುತ್ತದೆ.

ಪಾಠ ಹೇಳುವುದರಲ್ಲಿ ಇನ್ನೊಂದು ಸೂಕ್ಷ್ಮವಿದೆ, ಅದನ್ನು ಆದಾಯದ ಲೆಕ್ಕದಲ್ಲಿ ಕಾಣಲಾಗದು. ರಾಕ್ ಗಿಟಾರು ಬಹುಮಟ್ಟಿಗೆ ಕಿವಿಯಿಂದ ಕೈಗೆ ಇಳಿದ ವಿದ್ಯೆ. ತಂತಿಯನ್ನು ಬೆರಳಿನಿಂದ ಬಗ್ಗಿಸಿ ಸ್ವರವನ್ನು ಒಂದು ಅಥವಾ ಎರಡು ಮನೆ ಮೇಲಕ್ಕೆ ಎಳೆಯುವುದು, ಅಂಗೈಯ ಅಂಚಿನಿಂದ ತಂತಿಯನ್ನು ಅರೆಮುಚ್ಚಿ ಗುಮ್ಮೆನ್ನಿಸುವುದು, ತಾಳದ ಪೆಟ್ಟಿಗೆ ಕೂದಲೆಳೆಯಷ್ಟು ಹಿಂದೆ ಬೀಳುವುದು ಇವೆಲ್ಲ ವಾದಕನಿಗೆ ಗೊತ್ತಿರುತ್ತವೆ, ಆದರೆ ಹೇಗೆ ಗೊತ್ತು ಎಂಬುದು ಗೊತ್ತಿರುವುದಿಲ್ಲ. ಹನ್ನೆರಡು ವರ್ಷದ ಹುಡುಗಿಯೊಬ್ಬಳು ಎದುರು ಕೂತು ‘ಯಾಕೆ ಹಿಂದೆ ಬೀಳಬೇಕು?’ ಎಂದು ಕೇಳಿದಾಗ ಕೈಯ ವಿದ್ಯೆ ಬಾಯಿಗೆ ಬರಬೇಕಾಗುತ್ತದೆ. ಬಾಯಿಗೆ ಬಂದದ್ದು ಬದಲಾಗುತ್ತದೆ, ಏಕೆಂದರೆ ಹೆಸರಿಟ್ಟ ಮೇಲೆ ಅದನ್ನು ಬೇಕೆಂದೇ ಮುರಿಯಬಹುದು. ನಮ್ಮ ಹಿಂದೂಸ್ತಾನಿ ಪರಂಪರೆ ಇದನ್ನು ಎಂದೋ ಕಂಡುಕೊಂಡಿತ್ತು. ಅಲ್ಲಿ ಶಿಷ್ಯನಿಗೆ ಕಲಿಸುವುದು ಗುರುವಿನ ಬಗಲ ಕೆಲಸವೆಂದು ಯಾರೂ ಭಾವಿಸುವುದಿಲ್ಲ. ರಾಕ್ ವಾದಕ ಕಲಿಸಲು ಕೂತಾಗ ಮಾತ್ರ ‘ಪಾಪ, ಹೊಟ್ಟೆಪಾಡು’ ಎನ್ನುತ್ತೇವೆ.

ಮಣ್ಣಿಗೆ ಸತ್ವ ಕೊಡುವ ಬಗೆಗೆ ಕನ್ನಡ ಸಿನಿಮಾದ ಇತಿಹಾಸದಲ್ಲೇ ಒಂದು ದೊಡ್ಡ ಸಾಕ್ಷಿ ಇದೆ. ಇಳಯರಾಜಾ ಸ್ವತಂತ್ರ ಸಂಗೀತ ನಿರ್ದೇಶಕರಾದದ್ದು 1976ರ ತಮಿಳು ಚಿತ್ರ ‘ಅನ್ನಕ್ಕಿಳಿ’ಯಿಂದ. ಅದಕ್ಕೂ ಮುಂಚಿನ ವರ್ಷಗಳಲ್ಲಿ ಅವರು ಮದ್ರಾಸಿನ ಸ್ಟುಡಿಯೋಗಳಲ್ಲಿ ಗಿಟಾರ್ ನುಡಿಸುತ್ತಿದ್ದರು. ಸಲೀಲ್ ಚೌಧರಿಯವರಿಗೆ ನುಡಿಸಿದರು, ಜಿ. ಕೆ. ವೆಂಕಟೇಶರಿಗೆ ಸಹಾಯಕರಾದರು. ‘ಕಸ್ತೂರಿ ನಿವಾಸ’, ‘ಬಂಗಾರದ ಮನುಷ್ಯ’ದಂಥ ಚಿತ್ರಗಳಿಗೆ ಸಂಗೀತ ಕೊಟ್ಟ ವೆಂಕಟೇಶರ ಬಳಿ ಇಳಯರಾಜಾ ದುಡಿದ ಚಿತ್ರಗಳಲ್ಲಿ ಹೆಚ್ಚಿನವು ಕನ್ನಡದವೇ. ಹೆಸರು ತೆರೆಯ ಮೇಲೆ ಬಾರದ ಕೆಲಸ ಅದು. ಇನ್ನೊಬ್ಬರ ರಾಗಕ್ಕೆ ಕಾರ್ಡುಗಳನ್ನು ಹೊಂದಿಸುವುದು, ಪಿಟೀಲುಗಳ ಸಾಲು ಬರೆಯುವುದು, ಸಂಜೆಯೊಳಗೆ ಹಾಡು ಮುಗಿಸುವುದು. ಆದರೆ ಮುಂದೆ ಅವರು ಶಂಕರ್ ನಾಗ್‌ರ ‘ಗೀತಾ’ಕ್ಕೆ (1981), ಮಣಿರತ್ನಂರ ಮೊದಲ ಚಿತ್ರವಾದ ಕನ್ನಡದ ‘ಪಲ್ಲವಿ ಅನು ಪಲ್ಲವಿ’ಗೆ (1983) ಕೊಟ್ಟ ಸಂಗೀತದಲ್ಲಿ ಗಿಟಾರು ಕೂತಿರುವ ಜಾಗ ನೋಡಿ. ಅದು ಹಾಡಿಗೆ ಮೇಲಿಂದ ಹಚ್ಚಿದ ಬಣ್ಣವಲ್ಲ; ಹಾಡಿನ ತೊಲೆಯೇ ಅದು. ಗಿಟಾರಿನಲ್ಲಿ ಕೂತು ಯೋಚಿಸಿದವರಿಗೆ ಮಾತ್ರ ಹೊಳೆಯುವ ಕಟ್ಟಡ. ಸೆಷನ್ ವಾದನವೆಂಬ ಬಗಲ ದುಡಿಮೆಯ ವರ್ಷಗಳನ್ನು ತೆಗೆದುಹಾಕಿದರೆ ಆ ಕಟ್ಟಡಕ್ಕೆ ಮರ ಎಲ್ಲಿಂದ ಬರುತ್ತಿತ್ತು ಎಂಬ ಪ್ರಶ್ನೆಗೆ ಉತ್ತರ ಸಿಗುವುದಿಲ್ಲ. ಅವರು ರಾಕ್ ವಾದಕರಲ್ಲ, ನಿಜ. ಆದರೆ ದಕ್ಷಿಣ ಭಾರತದಲ್ಲಿ ಗಿಟಾರು ಹಿಡಿದವನ ಬದುಕಿನ ದಾರಿ ಹೇಗೆ ಸಾಗುತ್ತದೆ ಎಂಬುದಕ್ಕೆ ಇದಕ್ಕಿಂತ ದೊಡ್ಡ ಪುರಾವೆ ನನಗೆ ತೋರದು.

ಇಲ್ಲಿ ಗಂಭೀರವಾದ ಆಕ್ಷೇಪವೊಂದು ಬರುತ್ತದೆ, ಅದೂ ಮಿರಜ–ಧಾರವಾಡದ ಸೀಮೆಯಲ್ಲಿ ಬೆಳೆದ ಕಿವಿಗಳಿಂದಲೇ. ಸಂಗೀತವೆಂದರೆ ಏಕನಿಷ್ಠೆ, ಒಂದು ರಾಗಕ್ಕೆ ಒಂದು ಜನ್ಮ ಸಾಲದು, ಹತ್ತು ಕಡೆ ಕೈ ಹಾಕಿದವನಿಗೆ ಹತ್ತೂ ಅರ್ಧಂಬರ್ಧ. ಈ ಮಾತಿನ ಹಿಂದೆ ನಿಜವಾದ ಅನುಭವವಿದೆ, ತಳ್ಳಿಹಾಕುವಂಥದ್ದಲ್ಲ. ಆದರೆ ಏಕನಿಷ್ಠೆಯ ಉದಾಹರಣೆಗಳೆಂದು ನಾವು ಕೈಮುಗಿಯುವವರ ಬದುಕನ್ನು ಸ್ವಲ್ಪ ಹತ್ತಿರದಿಂದ ನೋಡೋಣ. ಮಲ್ಲಿಕಾರ್ಜುನ ಮನಸೂರರು 1910ರ ಡಿಸೆಂಬರ್ 31ರಂದು ಧಾರವಾಡದ ಬಳಿಯ ಮನಸೂರಿನಲ್ಲಿ ಹುಟ್ಟಿದರು. ಬಾಲ್ಯದಲ್ಲಿ ನಾಟಕ ಕಂಪನಿ ಸೇರಿದರು. ಮಿರಜದ ನೀಲಕಂಠ ಬುವಾರಿಂದ ಗ್ವಾಲಿಯರ್ ಪದ್ಧತಿ ಕಲಿತರು, ಆಮೇಲೆ ಅಲ್ಲಾದಿಯಾ ಖಾನರ ಮಕ್ಕಳಾದ ಮಂಜಿ ಖಾನ್, ಬುರ್ಜಿ ಖಾನರಿಂದ ಜೈಪುರ ಘರಾಣೆಯ ಗಾಯನ ಪಡೆದರು. ಇದರ ನಡುವೆ ಎಚ್.ಎಂ.ವಿ. ಕಂಪನಿಯಲ್ಲಿ ಸಂಗೀತ ನಿರ್ದೇಶಕರಾಗಿ ದುಡಿದರು, ಮುಂದೆ ಧಾರವಾಡ ಆಕಾಶವಾಣಿಯ ಸಂಗೀತ ಸಲಹೆಗಾರರಾದರು, ವಚನಗಳಿಗೆ ರಾಗ ಕೂಡಿಸಿ ಹಾಡಿದರು. ನಾಟಕ, ಗ್ರಾಮಫೋನು, ರೇಡಿಯೋ, ವಚನ: ಇವತ್ತಿನ ಪತ್ರಿಕೆಯ ಅಚ್ಚಿನಲ್ಲಿ ಹಾಕಿದರೆ ಇವಿಷ್ಟೂ ‘ಇದಲ್ಲದೆ’ಗೆ ಬೀಳಬೇಕಿತ್ತು. ಆದರೆ ಕನ್ನಡನಾಡಿನ ಎಷ್ಟೋ ಮನೆಗಳಿಗೆ ಮನಸೂರರು ತಲುಪಿದ್ದೇ ವಚನಗಳ ದಾರಿಯಿಂದ. ಮಿರಜದಲ್ಲೇ ನೆಲೆನಿಂತ ಅಬ್ದುಲ್ ಕರೀಂ ಖಾನರೂ ಹಾಗೆಯೇ. ಶಾಲೆ ತೆರೆದರು, ಶ್ರುತಿಗಳ ಲೆಕ್ಕಾಚಾರದಲ್ಲಿ ತೊಡಗಿದ್ದ ಸಾಂಗ್ಲಿಯ ದೇವಲರ ಜೊತೆ ಕೆಲಸ ಮಾಡಿದರು, ಮೈಸೂರಿನ ಆಸ್ಥಾನಕ್ಕೆ ಹೋಗಿಬರುತ್ತ ಕರ್ನಾಟಕ ಸಂಗೀತಕ್ಕೆ ಕಿವಿ ಕೊಟ್ಟರು. 1937ರಲ್ಲಿ ಅವರು ತೀರಿಕೊಂಡದ್ದೂ ತಮಿಳುನಾಡಿನ ಒಂದು ರೈಲು ನಿಲ್ದಾಣದಲ್ಲಿ, ಪಾಂಡಿಚೇರಿಯ ದಾರಿಯಲ್ಲಿ. ಅವರ ಕಿರಾಣಾ ಗಾಯನದೊಳಗೆ ದಕ್ಷಿಣದ ಸರಗಮ್ಮಿನ ಜಾಡು ಸೇರಿಕೊಂಡದ್ದು ಈ ಅಲೆದಾಟದಿಂದ. ಇವರೆಲ್ಲರ ನಿಷ್ಠೆ ಇದ್ದದ್ದು ನಾದಕ್ಕೆ, ಕೆಲಸದ ಒಂದು ಪಟ್ಟಿಗಲ್ಲ. ಏಕನಿಷ್ಠೆಯನ್ನು ಏಕೋದ್ಯೋಗ ಎಂದು ಓದಿಕೊಂಡದ್ದು ನಮ್ಮ ತಪ್ಪು.

ಇತ್ತ ರಾಕ್ ಅಭಿಮಾನಿಗಳ ನಿಷ್ಠೆಯ ಕಲ್ಪನೆ ಬೇರೆ ಊರಿನಿಂದ ಬಂದದ್ದು. ಅದು ಘರಾಣೆಯದಲ್ಲ, ಫುಟ್ಬಾಲ್ ತಂಡದ್ದು. ತಮ್ಮ ಬ್ಯಾಂಡಿನವನು ಇನ್ನೊಂದು ಅಂಗಿ ಹಾಕಬಾರದು. ಆದರೆ ಆ ಊರಿನ ಇತಿಹಾಸವೂ ಈ ಕಲ್ಪನೆಗೆ ಸಾಕ್ಷಿ ಹೇಳುವುದಿಲ್ಲ. ಬೀಟಲ್ಸ್ ಗುಂಪಿನ ಸದಸ್ಯನೊಬ್ಬನ ಮೊದಲ ಸ್ವಂತ ಆಲ್ಬಂ ಜಾರ್ಜ್ ಹ್ಯಾರಿಸನ್‌ನ ‘ವಂಡರ್‌ವಾಲ್ ಮ್ಯೂಸಿಕ್’. ಒಂದು ಚಿತ್ರಕ್ಕೆಂದು ಮಾಡಿದ ಆ ಬಗಲ ಕೆಲಸದ ಒಂದು ಭಾಗ 1968ರ ಜನವರಿಯಲ್ಲಿ ಮುಂಬಯಿಯಲ್ಲಿ ಧ್ವನಿಮುದ್ರಣವಾಯಿತು. ಕ್ವೀನ್ ಬ್ಯಾಂಡಿನ ಬ್ರಯನ್ ಮೇ ಅರ್ಧಕ್ಕೆ ಬಿಟ್ಟಿದ್ದ ಖಗೋಳ ಭೌತಶಾಸ್ತ್ರದ ಪಿಎಚ್.ಡಿ.ಯನ್ನು 2007ರಲ್ಲಿ ಮುಗಿಸಿದರು. (ಆಕಾಶದ ಧೂಳನ್ನು ಅಳೆದು ಗಿಟಾರಿಗೆ ಏನಾಯಿತೋ ಹೇಳಲಾರೆ; ಗಿಟಾರಿಗೆ ನಷ್ಟವಂತೂ ಆಗಲಿಲ್ಲ.) ಎಲ್ಲಕ್ಕಿಂತ ಸ್ಪಷ್ಟವಾದ ಪ್ರಸಂಗ ಜಾನ್ ಮೆಕ್‌ಲಾಫ್ಲಿನ್‌ರದು. 1970ರ ದಶಕದ ಆರಂಭದಲ್ಲಿ ಅವರ ‘ಮಹಾವಿಷ್ಣು ಆರ್ಕೆಸ್ಟ್ರಾ’ ಕಿವಿಗಡಚಿಕ್ಕುವ ವಿದ್ಯುತ್ ಗಿಟಾರಿನ ಬ್ಯಾಂಡು, ಭರ್ಜರಿ ಹೆಸರು. ಅದರ ಪಕ್ಕದಲ್ಲಿ, ಯಾವ ಸದ್ದೂ ಇಲ್ಲದೆ, ಪಿಟೀಲಿನ ಎಲ್. ಶಂಕರ್, ತಬಲಾದ ಝಾಕಿರ್ ಹುಸೇನ್, ಘಟದ ವಿಕ್ಕು ವಿನಾಯಕರಾಂ ಜೊತೆ ನೆಲದ ಮೇಲೆ ಕೂತು ಮರದ ಗಿಟಾರು ನುಡಿಸುವ ‘ಶಕ್ತಿ’ ಎಂಬ ಮೇಳ ಬೆಳೆಯಿತು. ಗಮಕಗಳಿಗಾಗಿ ಗಿಟಾರಿನ ಮನೆಗಳ ನಡುವಿನ ಮರವನ್ನು ತೋಡಿಸಿದರು, ಅನುರಣನದ ತಂತಿಗಳನ್ನು ಹಾಕಿಸಿದರು. ಸದ್ದಿನ ಬ್ಯಾಂಡಿನ ಕಾಲ ಮುಗಿಯಿತು. ಮುದುಡಿಕೊಂಡು ಮತ್ತೆ ಚಿಗುರುತ್ತ ಬಂದ ‘ಶಕ್ತಿ’ 2024ರಲ್ಲಿ ಗ್ರ್ಯಾಮಿ ಪಡೆಯಿತು. ಉಗಾರದ್ದೂ ಇದೇ ಕಥೆ: ಊರ ಹೆಸರಿನಲ್ಲಿ ಖುರ್ದ ಎಂದರೆ ಚಿಕ್ಕದು, ಬುದ್ರುಕ ಎಂದರೆ ದೊಡ್ಡದು. ಉಗಾರ ಬುದ್ರುಕ ಪಕ್ಕದಲ್ಲೇ ಇದೆ. ಆದರೆ ಕಾರ್ಖಾನೆ, ರೈಲು ನಿಲ್ದಾಣ ಬಂದದ್ದು ಖುರ್ದಕ್ಕೆ. ಹೆಸರಿಟ್ಟವರಿಗೆ ಇದೆಲ್ಲ ಗೊತ್ತಿರಲಿಲ್ಲ.

ಹಾಗೆಂದು ಬಗಲ ಕೆಲಸಗಳೆಲ್ಲ ಅಕ್ಕಡಿಯಲ್ಲ. ಕಳೆಯೂ ಸಾಲಿನಲ್ಲೇ ಬೆಳೆಯುತ್ತದೆ. ಲೆಡ್ ಝೆಪೆಲಿನ್ ಕಟ್ಟುವ ಮೊದಲು ಜಿಮ್ಮಿ ಪೇಜ್ ಲಂಡನ್ನಿನ ಸ್ಟುಡಿಯೋಗಳಲ್ಲಿ ಕೂಲಿಗೆ ನುಡಿಸುತ್ತಿದ್ದ. ಎದುರಿಗಿಟ್ಟ ಯಾವ ಹಾಡನ್ನಾದರೂ ನುಡಿಸಬಲ್ಲ ಸಿದ್ಧತೆ, ಧ್ವನಿಮುದ್ರಣದ ಒಳಗುಟ್ಟು ಎರಡೂ ಅಲ್ಲಿಂದ ಬಂದವು. ಆದರೆ ಅಂಗಡಿ–ಹೋಟೆಲುಗಳ ಹಿನ್ನೆಲೆಗೆ ಹಾಕುವ ಜೀವವಿಲ್ಲದ ಸಂಗೀತ ನುಡಿಸುವ ಹೊತ್ತು ಬಂದಾಗ ಆತ ಎದ್ದು ಹೊರಟ, 1966ರಲ್ಲಿ ಯಾರ್ಡ್‌ಬರ್ಡ್ಸ್ ಸೇರಿದ. ಒಂದೇ ಕೆಲಸ, ಒಂದು ಹಂತದವರೆಗೆ ತೊಗರಿ, ಆಮೇಲೆ ಕಳೆ. ನಮ್ಮ ಬೆಂಗಳೂರಿನಲ್ಲಿ ರಿಕಿ ಕೇಜ್‌ರ ದಾರಿ ಇದಕ್ಕೆ ವ್ಯತಿರಿಕ್ತ. ಓದಿದ್ದು ದಂತವೈದ್ಯಕೀಯ, ಶುರುವಾದದ್ದು ‘ಏಂಜೆಲ್ ಡಸ್ಟ್’ ಎಂಬ ರಾಕ್ ಬ್ಯಾಂಡಿನ ಕೀಬೋರ್ಡಿನಿಂದ, ಆಮೇಲೆ ಸಾವಿರಾರು ಜಾಹೀರಾತು ಜಿಂಗಲ್‌ಗಳು, ನಡುವೆ ‘ಆಕ್ಸಿಡೆಂಟ್’ (2008), ‘ವೆಂಕಟ ಇನ್ ಸಂಕಟ’ದಂಥ (2009) ಕನ್ನಡ ಚಿತ್ರಗಳು. 2015ರಲ್ಲಿ ಗ್ರ್ಯಾಮಿ ಪಡೆದ ‘ವಿಂಡ್ಸ್ ಆಫ್ ಸಂಸಾರ’ ಹೊರಬಂದದ್ದು ಇಂಥ ದುಡಿಮೆಯ ಮೇಲೆ ನಿಂತು. ಮುಂದಿನ ಗ್ರ್ಯಾಮಿಯಲ್ಲಿ ಅವರ ಜೊತೆಗಿದ್ದವರು ‘ದಿ ಪೊಲೀಸ್’ ರಾಕ್ ಬ್ಯಾಂಡಿನ ಡ್ರಮ್ಮರ್ ಸ್ಟೂವರ್ಟ್ ಕೋಪ್‌ಲ್ಯಾಂಡ್; ಆತನೂ ಬ್ಯಾಂಡಿದ್ದಾಗಲೇ ಬೇರೆ ಹೆಸರಿನಲ್ಲಿ ಹಾಡಿದವನು, ಸಿನಿಮಾಕ್ಕೆ ಸಂಗೀತ ಕೊಟ್ಟವನು. ಕೇಜ್‌ರ ಸಂಗೀತ ಎಲ್ಲರಿಗೂ ರುಚಿಸಬೇಕಿಲ್ಲ. ನನಗೆ ಅದರ ನಯ ಸ್ವಲ್ಪ ಹೆಚ್ಚಾಯಿತೆನ್ನಿಸುತ್ತದೆ, ಆ ನಯ ಜಿಂಗಲ್ಲಿನಿಂದಲೇ ಬಂತೇ ಎಂಬ ಗುಮಾನಿಯೂ ಇದೆ. ಹೀಗಾಗಿ ಬಗಲ ಕೆಲಸವನ್ನು ತೂಗುವ ಅಳತೆ ‘ಎಷ್ಟು ಹೊತ್ತು ತಿಂದಿತು’ ಎಂಬುದಾಗದೆ ‘ಮಣ್ಣಿಗೆ ಏನು ಬಿಟ್ಟುಹೋಯಿತು’ ಎಂಬುದಾಗಬೇಕು. ಆ ಲೆಕ್ಕ ಒಬ್ಬೊಬ್ಬರಿಗೂ ಬೇರೆ.

ಎಲ್ಲಕ್ಕಿಂತ ಗಟ್ಟಿಯಾದ ಆಕ್ಷೇಪಕ್ಕೆ ಈಗ ಬರಬೇಕು. ಬಡತನಕ್ಕೆ ನೀವು ಚಂದದ ಹೆಸರಿಡುತ್ತಿದ್ದೀರಿ, ಸಂಗೀತಗಾರನಿಗೆ ಸರಿಯಾಗಿ ಸಂಬಳ ಕೊಡದ ಸಮಾಜ ಆತನಿಂದ ಹತ್ತು ಕೆಲಸ ಮಾಡಿಸಿಕೊಂಡು ಅದನ್ನೇ ಬಹುಮುಖ ಪ್ರತಿಭೆ ಎಂದು ಹೊಗಳುತ್ತದೆ ಎಂಬುದು ಆ ಆಕ್ಷೇಪ. ಇದರ ಅರ್ಧವನ್ನು ಒಪ್ಪುತ್ತೇನೆ. ಅಕ್ಕಡಿ ಹಾಕುವುದು ರೈತನ ಆಯ್ಕೆಯಾಗಿದ್ದಾಗ ಅದು ಜಾಣತನ. ಬೀಜಕ್ಕೆ ಸಾಲ ಸಿಗದೆ ಕೈಗೆ ಸಿಕ್ಕಿದ್ದನ್ನು ಬಿತ್ತಿದರೆ ಅದು ಬೇರೆ ಮಾತು. ಕಾರ್ಯಕ್ರಮ ಮುಗಿದು ಆರು ತಿಂಗಳಾದರೂ ದುಡ್ಡು ಬಾರದ ವ್ಯವಸ್ಥೆಯನ್ನು, ‘ಪ್ರಚಾರ ಸಿಗುತ್ತದಲ್ಲ’ ಎಂದು ಪುಕ್ಕಟೆ ನುಡಿಸಿಕೊಳ್ಳುವ ಚಾಳಿಯನ್ನು ಯಾವ ಹೋಲಿಕೆಯೂ ಸಮರ್ಥಿಸಲಾರದು. ಆದರೆ ಆಕ್ಷೇಪದ ಇನ್ನರ್ಧ ಒಂದು ಗುಪ್ತ ನಂಬಿಕೆಯ ಮೇಲೆ ನಿಂತಿದೆ: ದುಡ್ಡಿದ್ದಿದ್ದರೆ ಕಲಾವಿದ ಒಂದೇ ಕೆಲಸ ಮಾಡಿಕೊಂಡು ಇನ್ನೂ ಚೆನ್ನಾಗಿ ಬೆಳೆಯುತ್ತಿದ್ದ ಎಂಬುದು. ಹ್ಯಾರಿಸನ್‌ಗೆ ದುಡ್ಡಿನ ಕೊರತೆ ಇರಲಿಲ್ಲ, ಬ್ರಯನ್ ಮೇಗೆ ಇರಲಿಲ್ಲ. ಆದರೂ ಅವರು ಬಗಲ ಸಾಲು ಬಿತ್ತಿದರು. ಒಂದೇ ಬೆಳೆಗೆ ಹೇರಳ ನೀರು ಕೊಟ್ಟರೆ ಏನಾಗುತ್ತದೆ ಎಂಬುದನ್ನು ನೋಡಲು ಅಥಣಿ, ರಾಯಬಾಗ, ಚಿಕ್ಕೋಡಿ, ಕಾಗವಾಡದ ಹೊಳೆದಂಡೆಗೆ ಬಂದರೆ ಸಾಕು. ವರ್ಷಗಟ್ಟಲೆ ಕಬ್ಬಿಗೆ ಬಿಟ್ಟ ನೀರು ಬಸಿದುಹೋಗಲು ದಾರಿಯಿಲ್ಲದೆ ಕರಿನೆಲದ ಮೇಲೆ ಉಪ್ಪು ಬಿಳಿಯಾಗಿ ಕೂತಿರುವ ಸವಳು–ಜವಳು ಹೊಲಗಳು ಅಲ್ಲಿವೆ. ಕಬ್ಬನ್ನು ಅರೆಯುವ ಕಾರ್ಖಾನೆಯೂ ಇಂದು ಸಕ್ಕರೆಯೊಂದನ್ನೇ ನಂಬಿಲ್ಲ. ಸಿಪ್ಪೆಯಿಂದ ವಿದ್ಯುತ್ತು, ಕಾಕಂಬಿಯಿಂದ ಮದ್ಯಸಾರ. ಉಪಉತ್ಪನ್ನವೆಂಬ ಹೆಸರು ಉಳಿದಿದೆ, ಆದರೆ ಕಾರ್ಖಾನೆಗಳ ಲೆಕ್ಕ ನಿಲ್ಲುವುದು ಬಹಳ ಸಲ ಅದರ ಮೇಲೆಯೇ.

ಇಷ್ಟಕ್ಕೂ ಬೆಂಗಳೂರಿನ ಇಂಗ್ಲಿಷ್ ರಾಕ್‌ಗೂ ಕೃಷ್ಣೆಯ ದಂಡೆಗೂ ಏನು ಸಂಬಂಧ ಎಂದು ಕೇಳಬಹುದು. ಒಂದು ಸಂಬಂಧ ಭಾಷೆಯದು. ಮೈಸೂರಿನಲ್ಲಿ ಬೆಳೆದ ರಘು ದೀಕ್ಷಿತ್ ಸೂಕ್ಷ್ಮಜೀವಿಶಾಸ್ತ್ರ ಓದಿ, ಭರತನಾಟ್ಯ ಕಲಿತು, ಬೆಲ್ಜಿಯಂನಲ್ಲಿ ಉದ್ಯೋಗ ಮಾಡಿ 2008ರ ಹೊತ್ತಿಗೆ ತಮ್ಮ ಮೊದಲ ಆಲ್ಬಂ ತಂದಾಗ, ಅದರಲ್ಲಿ ಶಿಶುನಾಳ ಷರೀಫರ ಪದಗಳಿದ್ದವು. ಹಾವೇರಿ ಸೀಮೆಯ ಹತ್ತೊಂಬತ್ತನೆಯ ಶತಮಾನದ ತತ್ವಪದ ಗಿಟಾರು, ಡ್ರಮ್ಮುಗಳ ಮೇಲೆ ಕೂತು ಇಂಗ್ಲೆಂಡಿನ ಗ್ಲಾಸ್ಟನ್‌ಬರಿವರೆಗೆ ಹೋಯಿತು. ಅದೇ ಹೊತ್ತಿಗೆ ‘ಸೈಕೋ’ ಚಿತ್ರಕ್ಕೆ ಅವರು ಮಾಡಿದ ಮಾದೇಶ್ವರನ ಹಾಡು ಆಟೋಗಳಲ್ಲಿ, ಹಳ್ಳಿ ಜಾತ್ರೆಗಳಲ್ಲಿ ಕೇಳತೊಡಗಿತು. ಆಲ್ಬಂ ಮುಖ್ಯವೋ ಸಿನಿಮಾ ಮುಖ್ಯವೋ ಎಂದು ಕೇಳಿದರೆ ಉತ್ತರ ನೀವು ಯಾವ ಊರಿನಲ್ಲಿ ನಿಂತು ಕೇಳುತ್ತೀರಿ ಎಂಬುದನ್ನು ಅವಲಂಬಿಸಿದೆ. ಬೆಂಗಳೂರಿನ ‘ಸ್ವರಾತ್ಮ’ ಬ್ಯಾಂಡಿನ ವಾಸು ದೀಕ್ಷಿತ್ ತಮ್ಮ ಹೆಸರಿನಲ್ಲೇ ಇನ್ನೊಂದು ಮೇಳ ಕಟ್ಟಿಕೊಂಡರು. ಎರಡೂ ಬೇರೆ ಬೇರೆ ಕೇಳುಗರಿಗೆ ಬೇರೆ ಬೇರೆ ಮುಖ್ಯ.

ಇನ್ನೊಂದು ಸಂಬಂಧ ತಂತಿಯದು, ನನಗೆ ಇದೇ ಹೆಚ್ಚು ಮಹತ್ವದ್ದು. ಗಣಪತಿ ಕಳಿಸುವ ರಾತ್ರಿ ಸಾಂಗ್ಲಿ–ಕೊಲ್ಲಾಪುರದಿಂದ ನಿಪ್ಪಾಣಿ, ಚಿಕ್ಕೋಡಿಯವರೆಗಿನ ಗಡಿಸೀಮೆಯಲ್ಲಿ ಮೆರವಣಿಗೆಯ ಮುಂದೆ ಹೋಗುವ ಬೆಂಜೋ ಮೇಳವನ್ನು ನೋಡಿ. 1912ರಲ್ಲಿ ಜಪಾನಿನ ನಗೋಯಾದಲ್ಲಿ ಮೊರಿತಾ ಗೋರೋ ಎಂಬಾತ ಮಾಡಿದ ತೈಶೋಗೊತೋ ಎಂಬ ವಾದ್ಯದ ಸಂತತಿ ಅದು. ಟೈಪ್‌ರೈಟರಿನಂಥ ಗುಂಡಿಗಳನ್ನು ಒಂದು ಕೈ ಒತ್ತುತ್ತದೆ, ಇನ್ನೊಂದು ಕೈ ಲೋಹದ ತಂತಿ ಮೀಟುತ್ತದೆ. ಹಡಗು ಹತ್ತಿ ಬಂದ ಈ ಪೆಟ್ಟಿಗೆಗೆ ನಮ್ಮವರು ವಿದ್ಯುತ್ ಪಿಕಪ್ ಕೂರಿಸಿದರು, ಟ್ರಾಲಿಯ ಮೇಲೆ ಧ್ವನಿವರ್ಧಕದ ಕರ್ಣೆ ಕಟ್ಟಿದರು, ಹಿಂದೆ ಡ್ರಮ್ಮು, ತಾಶೆ ಸೇರಿಸಿದರು. ಆಂಪ್ಲಿಫೈಯರಿನ ತಾಕತ್ತು ಮೀರಿದಾಗ ತಂತಿಯ ಸ್ವರ ಹರಿದು ಗರಗರನೆ ಬರುತ್ತದೆ. ವಿದ್ಯುತ್ ಗಿಟಾರಿನ ಆ ಹರಿದ ಸ್ವರಕ್ಕಾಗಿ ವಿದೇಶಿ ವಾದಕರು ಪೆಡಲ್ಲು ಕೊಳ್ಳುತ್ತಾರೆ. ಇಲ್ಲಿ ಅದು ಪುಕ್ಕಟೆ. ಮೀಟುವ ತಂತಿ, ವಿದ್ಯುತ್ತು, ಡ್ರಮ್ಮು, ಕುಣಿಯುವ ಹುಡುಗರು: ರಾಕ್ ಎನ್ನುವುದಕ್ಕೆ ಇನ್ನೇನು ಬೇಕು ಎಂದು ಕೇಳಿದರೆ ತಮಾಷೆಯಂತೆ ಕೇಳುತ್ತದೆ, ಆದರೆ ಪಟ್ಟಿ ಹಾಕಿ ನೋಡಿದರೆ ಕಡಿಮೆ ಬೀಳುವುದು ಹೆಸರು ಮಾತ್ರ. ರಿತೇಶ್ ದೇಶಮುಖ್ ನಟಿಸಿದ 2016ರ ಹಿಂದಿ ಚಿತ್ರ ‘ಬ್ಯಾಂಜೊ’ ಈ ನಂಟನ್ನು ಹಿಡಿಯಲು ಹೋಯಿತು. ಆದರೆ ಅದರಲ್ಲೂ ಬೀದಿಯ ವಾದಕನ ಬೆಲೆ ಗೊತ್ತಾಗಲು ವಿದೇಶದಿಂದ ಒಬ್ಬ ಹುಡುಗಿ ಬರಬೇಕಾಯಿತು.

ಬೆಂಜೋ ನುಡಿಸುವವನು ವರ್ಷವಿಡೀ ಬೆಂಜೋ ನುಡಿಸುವುದಿಲ್ಲ. ಭಾದ್ರಪದದ ಹತ್ತು ದಿನ, ಲಗ್ನದ ಮುಹೂರ್ತಗಳು, ಊರಿನ ಜಾತ್ರೆ. ಉಳಿದ ದಿನ ಆತ ಭಜನೆಗೆ ಪೇಟಿ ಹಿಡಿದಾನು, ಬಯಲಾಟಕ್ಕೋ ಕಂಪನಿ ನಾಟಕಕ್ಕೋ ಕೀಬೋರ್ಡ್ ನುಡಿಸಿಯಾನು, ಕಬ್ಬು ನುರಿಸುವ ಹಂಗಾಮಿನಲ್ಲಿ ಪಾಳಿಗೆ ಹೋದಾನು. ಈ ವಾರ ಕನ್ನಡ, ಮುಂದಿನ ವಾರ ಮರಾಠಿ. ಹಾಡು ಬೇಡಿದವರ ಭಾಷೆ. ಆತನನ್ನು ‘ನಿಮ್ಮ ಮುಖ್ಯ ಕೆಲಸ ಯಾವುದು, ಬಗಲ ಕೆಲಸ ಯಾವುದು’ ಎಂದು ಕೇಳಿದರೆ ಪ್ರಶ್ನೆಯೇ ತಿಳಿಯಲಿಕ್ಕಿಲ್ಲ. ಬ್ರೂಸ್ ಲೀ ಮಣಿಯವರಂಥ ನಗರದ ರಾಕ್ ವಾದಕನ ಬದುಕಿನ ಆಕಾರವೂ ಒಳಗಿನಿಂದ ನೋಡಿದರೆ ಇದೇ. ವ್ಯತ್ಯಾಸ ಇರುವುದು ನಮ್ಮ ಬರವಣಿಗೆಯಲ್ಲಿ: ನಗರದವನಿಗೆ ಜೀವನಚರಿತ್ರೆ ಬರೆದು ಅರ್ಧ ಬದುಕನ್ನು ‘ಇದಲ್ಲದೆ’ಗೆ ತಳ್ಳುತ್ತೇವೆ, ಮೆರವಣಿಗೆಯವನ ಹೆಸರು ಕರಪತ್ರದಲ್ಲೂ ಬರುವುದಿಲ್ಲ, ‘ಬೆಂಜೋ ಪಾರ್ಟಿ’ ಎಂದು ಮಾತ್ರ ಇರುತ್ತದೆ. ಮಿರಜದ ಸಿತಾರು–ತಂಬೂರಿಗಳಿಗೆ 2024ರಲ್ಲಿ ಭೌಗೋಳಿಕ ಸೂಚಿಯ ಮಾನ್ಯತೆ ಸಿಕ್ಕಿತು, ಸಿಗಬೇಕಾದದ್ದೇ. ಅಲ್ಲಿಂದ ರೈಲಿನಲ್ಲಿ ಸ್ವಲ್ಪವೇ ಈಚೆಗೆ, ಹೊಳೆಯ ದಂಡೆಯ ಊರುಗಳಲ್ಲಿ, ಜಪಾನಿನ ಪೆಟ್ಟಿಗೆಗೆ ತಂತಿ ಬಿಗಿದು ಪಿಕಪ್ ಕೂರಿಸುವ ರೇಡಿಯೋ ರಿಪೇರಿ ಅಂಗಡಿಯವನು ಕೂತಿರುತ್ತಾನೆ. ಆತನ ಮುಖ್ಯ ಕೆಲಸ ಮೊಬೈಲಿಗೆ ಕವರ್ ಹಾಕುವುದು.